ಪ್ಯೂಬ್ಲೊ ಜನ ಮಾಯವಾಗಲಿಲ್ಲ

(ಇತಿಹಾಸಾಸಕ್ತರ ಸಂಜೆಗೋಷ್ಠಿಯೊಂದರಲ್ಲಿ ನಮ್ಮ ವರದಿಗಾರರು ನೀಡಿದ ಉಪನ್ಯಾಸದ ಬರಹರೂಪ)



ಅಮೆರಿಕಕ್ಕೆ ಇತಿಹಾಸವೇ ಇಲ್ಲ, ಇದ್ದರೂ ಅದು ಕೊಲಂಬಸ್ಸನಿಂದ ಈಚಿನದು ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಒಂದಿಷ್ಟು ಹೆಮ್ಮೆಯಿಂದ ನಾವೂ ಹೇಳುತ್ತೇವೆ. ಇವತ್ತು ನಿಮ್ಮನ್ನು ಕರೆದೊಯ್ಯಬೇಕೆಂದಿರುವ ದಾರಿ ಆ ಮಾತನ್ನು ಸುಳ್ಳು ಮಾಡುತ್ತದೆ. ಗೋಡೆಗೆ ತೂಗುಹಾಕಿರುವ ನಕ್ಷೆಯನ್ನು ನೋಡಿ. ಯೂಟಾ, ಕೊಲೊರಾಡೊ, ನ್ಯೂ ಮೆಕ್ಸಿಕೊ, ಅರಿಜೋನಾ ಈ ನಾಲ್ಕೂ ರಾಜ್ಯಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆ ದೇಶದಲ್ಲಿ ಇಂಥ ಜಾಗ ಇದೊಂದೇ. 'ಫೋರ್ ಕಾರ್ನರ್ಸ್', ಅಂದರೆ ನಾಲ್ಕು ಮೂಲೆ ಎಂದು ಅದರ ಹೆಸರು. ಸುತ್ತ ಕೆಂಪು ಮರಳುಗಲ್ಲಿನ ಕಂದರಗಳು, ಒಣಗಿದ ಹಳ್ಳಗಳು, ಮೈಲುಗಟ್ಟಲೆ ಮನುಷ್ಯರೇ ಕಾಣದ ರಸ್ತೆಗಳು. ಕಾರಿನಲ್ಲಿ ಕುಳಿತು ಒಂದು ವಾರ ಈ ನಾಡನ್ನು ಸುತ್ತುವುದು ಅಲ್ಲಿ ಬಹು ಜನಪ್ರಿಯವಾದ ಪ್ರವಾಸ.

ಆ ಪ್ರವಾಸದ ಕೈಪಿಡಿಗಳಲ್ಲಿ ಬಹುಕಾಲ ಒಂದು ಮಾತು ತಪ್ಪದೆ ಇರುತ್ತಿತ್ತು: ಇಲ್ಲಿ ಬಂಡೆಗಳ ನಡುವೆ ಊರು ಕಟ್ಟಿದ ಜನ ನಿಗೂಢವಾಗಿ ಮಾಯವಾದರು. ಕೇಳಲು ಸೊಗಸಾಗಿದೆ. ಆದರೆ ಅದು ನಿಜವಲ್ಲ. ಅಷ್ಟೇ ಆಗಿದ್ದರೆ ತಿದ್ದಿ ಮುಂದೆ ಹೋಗಬಹುದಿತ್ತು. ಈ ಒಂದು ಮಾತಿನಿಂದ ಆ ಜನರ ಮೊಮ್ಮಕ್ಕಳ ಮೊಮ್ಮಕ್ಕಳು ಏನನ್ನೆಲ್ಲ ಕಳೆದುಕೊಂಡರು ಎಂಬುದೇ ಇವತ್ತಿನ ನನ್ನ ವಿಷಯ.

ದಾರಿಯನ್ನು ನ್ಯೂ ಮೆಕ್ಸಿಕೊದ ಚಾಕೊ ಕಣಿವೆಯಿಂದ ಹಿಡಿಯೋಣ. ಹೆದ್ದಾರಿ ಬಿಟ್ಟು ತಿರುಗಿದರೆ ಕೊನೆಯ 20 ಕಿ.ಮೀ. ಮಣ್ಣುರಸ್ತೆ. ಮಳೆ ಬಂದರೆ ವಾಹನ ಹೂತುಹೋಗುತ್ತದೆ. ಈ ಬರಡು ನೆಲದಲ್ಲಿ ಕ್ರಿ.ಶ. 850ರಿಂದ 1150ರವರೆಗೆ, ಅಂದರೆ ಮುನ್ನೂರು ವರ್ಷ, ಒಂದೊಂದೇ ಕೋಣೆ ಸೇರಿಸುತ್ತ ಕಟ್ಟಿದ ಮಹಾಸೌಧವಿದೆ. ಅದರ ಹೆಸರು ಪ್ಯೂಬ್ಲೊ ಬೊನಿಟೊ. ಅರ್ಧಚಂದ್ರಾಕಾರದ ಈ ಕಟ್ಟಡದಲ್ಲಿ ಆರುನೂರಕ್ಕೂ ಹೆಚ್ಚು ಕೋಣೆಗಳು. ಕೆಲವೆಡೆ ನಾಲ್ಕು ಅಂತಸ್ತು. ಹೊರಗೋಡೆಯ ತೆಳುಗಲ್ಲಿನ ಜೋಡಣೆ ನೇಯ್ದ ಬಟ್ಟೆಯಂತೆ ಕಾಣುತ್ತದೆ. ಚಾಕೊದ ಮಹಾಮನೆಗಳ ಮಾಳಿಗೆಗಳಿಗೆ ಬೇಕಾದ ತೊಲೆಗಳಿಗಾಗಿ ಎರಡು ಲಕ್ಷಕ್ಕೂ ಹೆಚ್ಚು ಮರಗಳನ್ನು ಕಡಿದಿರಬೇಕೆಂದು ವಿದ್ವಾಂಸರ ಅಂದಾಜು. ಆ ಮರಗಳು ಬೆಳೆಯುತ್ತಿದ್ದುದು ಎಪ್ಪತ್ತು ಎಂಬತ್ತು ಕಿ.ಮೀ. ದೂರದ ಬೆಟ್ಟಗಳಲ್ಲಿ. ಅವರಿಗೆ ಗಾಡಿ ಗೊತ್ತಿರಲಿಲ್ಲ, ಎತ್ತು ಕುದುರೆ ಇರಲಿಲ್ಲ. ಅಷ್ಟೂ ತೊಲೆಗಳು ಬಂದದ್ದು ಮನುಷ್ಯರ ಹೆಗಲ ಮೇಲೆ.

ಇಲ್ಲಿಂದ ನಾಲ್ಕು ದಿಕ್ಕಿಗೂ ರಸ್ತೆಗಳು ಹೊರಡುತ್ತಿದ್ದವು. ಅಗಲ ಒಂಬತ್ತು ಮೀಟರ್. ಗುಡ್ಡ ಅಡ್ಡ ಬಂದರೂ ಬಳಸದೆ, ಮೆಟ್ಟಿಲು ಕಡಿದು ನೇರ ಹತ್ತುತ್ತಿದ್ದವು. ಗಾಡಿಯಿಲ್ಲದವರಿಗೆ ಅಷ್ಟು ಅಗಲದ ರಸ್ತೆ ಏಕೆ ಬೇಕಿತ್ತೆಂದು ಪಂಡಿತರು ಇನ್ನೂ ಚರ್ಚಿಸುತ್ತಿದ್ದಾರೆ. ಮೆಕ್ಸಿಕೊದ ಕಡೆಯಿಂದ ಬಣ್ಣದ ಮಕಾವ್ ಗಿಳಿಗಳು ಬರುತ್ತಿದ್ದವು. ಇಲ್ಲಿನ ಉದ್ದನೆಯ ಜಾಡಿಗಳ ಚೂರುಗಳಲ್ಲಿ ಕೋಕೋದ ಅಂಶ ಇದ್ದುದು 2009ರಲ್ಲಿ ಪತ್ತೆಯಾಯಿತು. ಕೋಕೋ ಬೆಳೆಯುವ ನೆಲ ಅಲ್ಲಿಂದ ಎರಡು ಸಾವಿರ ಕಿ.ಮೀ. ಆಚೆ. ಇನ್ನೊಂದು ಮಾತು, ನಮ್ಮವರಿಗೆ ಖುಷಿಯಾಗಬಹುದು: ಚಾಕೊ ಮತ್ತು ನಮ್ಮ ಪಟ್ಟದಕಲ್ಲು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1987ರಲ್ಲಿ.

ಬರವಣಿಗೆಯೇ ಇಲ್ಲದ ಜನರ ಕಟ್ಟಡಗಳ ಇಸವಿ ಇಷ್ಟು ಖಚಿತವಾಗಿ ಹೇಗೆ ತಿಳಿಯಿತು ಎಂದು ನೀವು ಕೇಳಬಹುದು. ಉತ್ತರ ಕೊಟ್ಟದ್ದು ಇತಿಹಾಸಕಾರರಲ್ಲ, ಎ. ಇ. ಡಗ್ಲಸ್ ಎಂಬ ಖಗೋಳ ವಿಜ್ಞಾನಿ. ಸೂರ್ಯನ ಕಲೆಗಳಿಗೂ ಭೂಮಿಯ ಹವೆಗೂ ನಂಟಿದೆಯೇ ಎಂದು ನೋಡಲು ಅವರು ಮರದ ಕಾಂಡದ ವಾರ್ಷಿಕ ಉಂಗುರಗಳನ್ನು ಅಳೆಯುತ್ತಿದ್ದರು. ಮಳೆ ಬಂದ ವರ್ಷ ಉಂಗುರ ದಪ್ಪ, ಬರದ ವರ್ಷ ತೆಳು. ಒಂದೇ ಪ್ರದೇಶದ ಮರಗಳಲ್ಲೆಲ್ಲ ಈ ದಪ್ಪ ತೆಳುಗಳ ಸಾಲು ಒಂದೇ ಬಗೆಯಾಗಿರುತ್ತದೆ. ಜೀವಂತ ಮರದಿಂದ ಹಳೆಯ ತೊಲೆಗೆ, ಅದರಿಂದ ಇನ್ನೂ ಹಳೆಯ ತೊಲೆಗೆ ಹೊಂದಿಸುತ್ತ ಹಿಂದೆ ಹೋಗಬಹುದು. ಆದರೆ ಪಾಳು ಊರುಗಳ ತೊಲೆಗಳ ಸಾಲಿಗೂ ಈಚಿನ ಸಾಲಿಗೂ ನಡುವೆ ಒಂದು ಕೊಂಡಿ ಸಿಕ್ಕಿರಲಿಲ್ಲ. 1929ರ ಜೂನ್‌ನಲ್ಲಿ ಅರಿಜೋನಾದ ಶೋ ಲೊ ಎಂಬ ಊರಿನಲ್ಲಿ ಅರೆಸುಟ್ಟ ತೊಲೆಯೊಂದು ಸಿಕ್ಕಿತು. ಅದರ ಉಂಗುರಗಳು 1237ರಿಂದ 1380ರವರೆಗಿನವು. ಎರಡು ಸಾಲುಗಳೂ ಕೂಡಿಕೊಂಡವು. ಹತ್ತಾರು ಪಾಳು ಊರುಗಳಿಗೆ ಒಟ್ಟಿಗೆ ಇಸವಿ ಬಂತು. ಶಾಸನಗಳನ್ನು ಓದಿ ಕಾಲ ನಿರ್ಣಯಿಸುವ ನಮ್ಮ ನಾಡಿನವರಿಗೆ, ಮರವೂ ಒಂದು ಶಾಸನ ಎನ್ನುವುದು ಕುತೂಹಲದ ಸಂಗತಿಯಲ್ಲವೇ?

ಇನ್ನು ಉತ್ತರಕ್ಕೆ. 491ನೇ ಹೆದ್ದಾರಿಯಲ್ಲಿ ಸಾಗಬೇಕು. 2003ರವರೆಗೆ ಇದರ ಸಂಖ್ಯೆ 666. ಕ್ರೈಸ್ತರಿಗೆ ಅದು ಸೈತಾನನ ಸಂಖ್ಯೆಯಾದ್ದರಿಂದ ಫಲಕಗಳನ್ನು ಕದಿಯುವವರ ಕಾಟ ತಾಳಲಾರದೆ, ಹೆದರುವವರ ಒತ್ತಾಯವೂ ಸೇರಿ, ಬದಲಾಯಿಸಿದರು. ಈ ದಾರಿ ಕೊಲೊರಾಡೊದ ಮೇಸ ವರ್ಡೆಯತ್ತ ಹೋಗುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಮೇಸ ಎಂದರೆ ನಮ್ಮ ಮೇಜು, ವರ್ಡೆ ಎಂದರೆ ಹಸಿರು. ನೆತ್ತಿ ಮಟ್ಟಸವಾದ, ಅಂಚು ಕಡಿದಾದ ಬೆಟ್ಟ. ಅದರ ಕಂದರಗಳ ಗೋಡೆಗಳಲ್ಲಿ ದೊಡ್ಡ ದೊಡ್ಡ ಪೊಟರೆಗಳಿವೆ. ಮೇಲಿನ ಮರಳುಗಲ್ಲು ನೀರನ್ನು ಇಳಿಯಗೊಡುತ್ತದೆ, ಕೆಳಗಿನ ಜೇಡಿಕಲ್ಲು ಬಿಡುವುದಿಲ್ಲ. ನಡುವೆ ನೀರು ಒಸರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಕಲ್ಲನ್ನು ಸಿಡಿಸುತ್ತ ಬಂದದ್ದರಿಂದ ಪೊಟರೆ ಉಂಟಾಯಿತು. ಹಾಗಾಗಿ ಪೊಟರೆ ಇದ್ದಲ್ಲಿ ಹಲವೆಡೆ ಹಿಂಬದಿಯಲ್ಲೇ ಒಸರು ನೀರು! ದಕ್ಷಿಣಕ್ಕೆ ಮುಖ ಮಾಡಿದ ಪೊಟರೆಗೆ ಚಳಿಗಾಲದ ತಗ್ಗು ಬಿಸಿಲು ಒಳಗೆ ಬರುತ್ತದೆ, ಬೇಸಿಗೆಯ ನೆತ್ತಿಬಿಸಿಲು ಬರುವುದಿಲ್ಲ.

1190ರಿಂದ 1280ರೊಳಗೆ ಇಲ್ಲಿ ಸುಮಾರು ಆರುನೂರು ಬಂಡೆಮನೆಗಳು ಎದ್ದವು. ಹೆಚ್ಚಿನವು ಒಂದರಿಂದ ಐದು ಕೋಣೆಯವು. 'ಕ್ಲಿಫ್ ಪ್ಯಾಲೆಸ್' ಎಂಬುದು ಮಾತ್ರ 150 ಕೋಣೆಗಳ ಊರು. ಹೆಸರಿಗೆ ಅರಮನೆ, ಅಲ್ಲಿ ಅರಸನಿದ್ದ ಕುರುಹು ಏನೂ ಇಲ್ಲ. ಗಂಡಸರು ಬಂಡೆಯಲ್ಲಿ ಕಡಿದ ಕೈಹಿಡಿ, ಕಾಲ್ಬೆರಳ ಕುಳಿಗಳನ್ನು ಹಿಡಿದು ಮೇಲಿನ ಹೊಲಕ್ಕೆ ಹತ್ತಬೇಕಿತ್ತು. ಬೆಳೆಯುತ್ತಿದ್ದುದು ಮೆಕ್ಕೆಜೋಳ, ಹುರುಳಿಕಾಯಿಯ ಜಾತಿಯ ಕಾಳು, ಕುಂಬಳ. ಸಾಕುತ್ತಿದ್ದುದು ಟರ್ಕಿ ಕೋಳಿ. ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಮೊಣಕಾಲೂರಿ ದಿನಕ್ಕೆ ಗಂಟೆಗಟ್ಟಲೆ ಜೋಳ ಅರೆಯುತ್ತಿದ್ದರು. ಆ ಹಿಟ್ಟಿನ ಜೊತೆ ಬೆರೆತ ಕಲ್ಲುಪುಡಿಯಿಂದ ಜನರ ಹಲ್ಲುಗಳು ನಡುವಯಸ್ಸಿಗೇ ಸವೆದುಹೋಗುತ್ತಿದ್ದವು.

ಪ್ರತಿ ಊರಿನಲ್ಲೂ 'ಕಿವ' ಎಂಬ ದುಂಡನೆಯ ನೆಲಮನೆಗಳಿವೆ. ಮಾಳಿಗೆಯ ಕಂಡಿಯಿಂದ ಏಣಿ ಇಳಿದು ಒಳಹೋಗಬೇಕು. ನಡುವೆ ಒಲೆ. ಹೊಗೆ ಅದೇ ಕಂಡಿಯಿಂದ ಹೊರಗೆ. ಹೊಸ ಗಾಳಿ ಬರಲು ಗೋಡೆಯಲ್ಲಿ ಬೇರೆ ಕೊಳವೆ; ಆ ಗಾಳಿ ನೇರ ಬೆಂಕಿಗೆ ಬಡಿಯದಂತೆ ಅಡ್ಡಗಲ್ಲು. ಒಲೆಯ ಆಚೆ ನೆಲದಲ್ಲಿ ಅಂಗೈಯಷ್ಟಗಲದ ಪುಟ್ಟ ಗುಳಿ, ಹೆಸರು 'ಸಿಪಾಪು'. ಮನುಷ್ಯರು ಕೆಳಗಿನ ಲೋಕದಿಂದ ಈ ಲೋಕಕ್ಕೆ ಏರಿ ಬಂದ ದಾರಿಯ ಗುರುತು ಅದು. ಇದನ್ನು ಹೇಳಿಕೊಟ್ಟವರು ಯಾರು? ಅಗೆದು ತೆಗೆದ ವಿದ್ವಾಂಸರಲ್ಲ. ಇಂದಿಗೂ ಕಿವಗಳಲ್ಲಿ ಪೂಜೆ ನಡೆಸುವ ಹೋಪಿ ಜನ. 'ಕಿವ' ಎಂಬ ಪದವೇ ಅವರದು. ಮಾಯವಾದವರ ಮನೆಯ ಮೂಲೆಮೂಲೆಯ ಹೆಸರು ಬದುಕಿರುವವರಿಗೆ ಗೊತ್ತಿದೆ ಎಂದರೆ, ಮಾಯವಾದವರು ಯಾರು?

ಊರು ಬಿಟ್ಟದ್ದಂತೂ ನಿಜ. 1276ರಿಂದ 1299ರವರೆಗೆ ಕಡು ಬರ ಇತ್ತೆಂದು ಅದೇ ಮರದುಂಗುರಗಳು ಹೇಳುತ್ತವೆ. ಬರವೊಂದೇ ಕಾರಣವಲ್ಲ. ಕಾಡು ಬರಿದಾಗಿತ್ತು, ಜನ ಹೆಚ್ಚಿದ್ದರು, ಕಾದಾಟವೂ ಇತ್ತು. ಹತ್ತಿರದ ಕ್ಯಾಸಲ್ ರಾಕ್ ಎಂಬ ಹಳ್ಳಿಯಲ್ಲಿ ಸುಮಾರು ನಲವತ್ತು ಮಂದಿಯನ್ನು ಕೊಂದಿದ್ದರ ಕುರುಹುಗಳಿವೆ. ದಕ್ಷಿಣದ ಕಡೆಯಿಂದ ಹೊಸ ಆಚರಣೆಗಳ ಸೆಳೆತವೂ ಇದ್ದಿರಬೇಕೆಂದು ಹೇಳುವವರಿದ್ದಾರೆ. ಅಂತೂ 1285ರ ಹೊತ್ತಿಗೆ ಊರಿಗೆ ಊರೇ ಎದ್ದು ಹೊರಟಿತು. ಹೋದದ್ದು ರಿಯೊ ಗ್ರಾಂಡೆ ನದಿಯ ದಡಕ್ಕೆ, ಆಕೊಮಾಕ್ಕೆ, ಜುನಿಗೆ, ಹೋಪಿ ಬೆಟ್ಟಗಳಿಗೆ. ಮೇಸ ವರ್ಡೆಯ ಟರ್ಕಿ ಕೋಳಿಗಳ ವಂಶವಾಹಿ ಆ ವಲಸೆಯ ನಂತರ ರಿಯೊ ಗ್ರಾಂಡೆಯ ಕೋಳಿಗಳಲ್ಲಿ ಕಾಣಿಸಿಕೊಂಡಿತೆಂದು 2017ರ ಅಧ್ಯಯನವೊಂದು ತೋರಿಸಿತು. ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟವರನ್ನು ಮಾಯವಾದವರು ಎನ್ನಲಾದೀತೇ?

ಈ ಮಾತು ಹುಟ್ಟಿದ್ದು ಹೀಗೆ. 1888ರ ಡಿಸೆಂಬರ್ 18ರಂದು ರಿಚರ್ಡ್ ವೆದರಿಲ್ ಮತ್ತು ಅವನ ಭಾವ ಚಾರ್ಲಿ ಮೇಸನ್ ತಪ್ಪಿಸಿಕೊಂಡ ದನ ಹುಡುಕುತ್ತ ಬಂದು ಕ್ಲಿಫ್ ಪ್ಯಾಲೆಸ್ ಕಂಡರು. 'ಕಂಡುಹಿಡಿದರು' ಎಂದು ಬರೆಯುವುದು ವಾಡಿಕೆ. ಆ ಸುತ್ತಿನ ಯೂಟ್ ಜನರಿಗೆ ಅದು ಮೊದಲೇ ಗೊತ್ತಿತ್ತು. ವೆದರಿಲ್ ಕಟ್ಟಡದವರನ್ನು 'ಅನಸಾಜಿ' ಎಂದು ಕರೆದ. ಅದು ನವಾಹೊ ಭಾಷೆಯ ಪದ. 'ಪುರಾತನ ಶತ್ರುಗಳು' ಎಂಬ ಅರ್ಥ ಅದಕ್ಕಿದೆ. ವಿದ್ವಾಂಸರೂ ಅದನ್ನೇ ಹಿಡಿದರು. ತಮ್ಮ ಅಜ್ಜ ಮುತ್ತಜ್ಜಂದಿರನ್ನು ಪಕ್ಕದವರು ವೈರಿಗಳೆಂದು ಕರೆದ ಹೆಸರಿನಿಂದ ಜಗತ್ತೇ ಗುರುತಿಸುವುದನ್ನು ಪ್ಯೂಬ್ಲೊ ಜನ ನೂರು ವರ್ಷ ಸಹಿಸಿದರು. ಈಗ 'ಪೂರ್ವಜ ಪ್ಯೂಬ್ಲೊ ಜನ' ಎನ್ನುವುದು ರೂಢಿಗೆ ಬಂದಿದೆ. ಪ್ಯೂಬ್ಲೊ ಎಂದರೆ ಸ್ಪ್ಯಾನಿಷ್‌ನಲ್ಲಿ ಊರು, ಊರಿನ ಜನ ಕೂಡ. ನಾವು 'ಊರೆಲ್ಲ ನಗುತ್ತಿದೆ' ಎನ್ನುವುದಿಲ್ಲವೇ, ಹಾಗೆ.

ವಾರಸುದಾರರು ಇಲ್ಲವೆಂದಾದರೆ ಆಸ್ತಿ ಸಿಕ್ಕಿದವರದು. 1891ರಲ್ಲಿ ಗುಸ್ತಾಫ್ ನೋರ್ಡೆನ್‌ಶೋಲ್ಡ್ ಎಂಬ 23 ವರ್ಷದ ಸ್ವೀಡಿಷ್ ತರುಣ ಮೇಸ ವರ್ಡೆಯಲ್ಲಿ ಅಗೆದು, ಮಡಕೆ, ಬುಟ್ಟಿ, ಮನುಷ್ಯರ ಅಸ್ಥಿಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ರೈಲಿಗೆ ಸಾಗಿಸಿದ. ಡುರಾಂಗೊ ಪಟ್ಟಣದಲ್ಲಿ ಅವನನ್ನು ಬಂಧಿಸಿದರು. ಯಾವ ಕಾನೂನಿನಡಿ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ, ಬಿಟ್ಟರು. ಪೆಟ್ಟಿಗೆಗಳು ಕಡಲು ದಾಟಿ, ಕೊನೆಗೆ ಫಿನ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿದವು. ಆತ ಮಾಡಿದ ದಾಖಲೆ ಆ ಕಾಲಕ್ಕೆ ಬಹಳ ಶಿಸ್ತಿನದು ಎಂಬುದನ್ನೂ ಹೇಳಬೇಕು. ಇಂಥ ಲೂಟಿಗಳ ಗದ್ದಲದಿಂದಲೇ 1906ರ ಜೂನ್‌ನಲ್ಲಿ ಪ್ರಾಚೀನ ವಸ್ತುಗಳ ಕಾಯ್ದೆ ಬಂತು, ಅದೇ ತಿಂಗಳು ಮೇಸ ವರ್ಡೆ ರಾಷ್ಟ್ರೀಯ ಉದ್ಯಾನವಾಯಿತು. ಕಾಯ್ದೆ ಬಂದ ಮೇಲೂ ಗೋರಿ ಅಗೆಯುವುದು ನಿಲ್ಲಲಿಲ್ಲ. 2009ರಲ್ಲಿ ಈ ನಾಲ್ಕು ಮೂಲೆಯ ಸೀಮೆಯಲ್ಲಿ ಒಂದೇ ಕಾರ್ಯಾಚರಣೆಯಲ್ಲಿ 24 ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು.

ಅರಿಜೋನಾದ ಡಿ ಶೇ ಕಂದರದಲ್ಲಿ ಇನ್ನೊಂದು ಬಗೆಯ ಕಥೆ. ಗೋಡೆಗಳಲ್ಲಿ ಪ್ಯೂಬ್ಲೊ ಪೂರ್ವಜರ ಮನೆಗಳು. ತಳದಲ್ಲಿ ಇಂದಿಗೂ ಬೇಸಾಯ ಮಾಡುವ ನವಾಹೊ ಕುಟುಂಬಗಳು. ನವಾಹೊ ಮಾರ್ಗದರ್ಶಿಯಿಲ್ಲದೆ ಹೊರಗಿನವರು ಕೆಳಗೆ ಓಡಾಡುವಂತಿಲ್ಲ. 1864ರಲ್ಲಿ ಅಮೆರಿಕದ ಸೈನ್ಯ ಇಲ್ಲಿಗೆ ನುಗ್ಗಿ, ಪೀಚ್ ತೋಟಗಳನ್ನು ಕಡಿದು, ಸಾವಿರಾರು ನವಾಹೊಗಳನ್ನು ನೂರಾರು ಮೈಲು ಕಾಲ್ನಡಿಗೆಯಲ್ಲಿ ಅಟ್ಟಿತು. 1868ರ ಒಪ್ಪಂದದ ನಂತರ ಅವರು ಹಿಂದಿರುಗಿದರು. ಆದ್ದರಿಂದ 'ಅನಸಾಜಿ' ಎಂದ ನವಾಹೊಗಳನ್ನು ದೂಷಿಸಿ ಮುಗಿಸುವುದು ಸರಿಯಲ್ಲ.

ಅಲ್ಲಿಂದ ಪಶ್ಚಿಮಕ್ಕೆ ಹೋಪಿ ಬೆಟ್ಟಗಳು. ಬೇಸಿಗೆಯಾದರೆ ಗಡಿಯಾರವನ್ನು ತಿರುಗಿಸುವುದೇ ಕೆಲಸ. ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದಿಲ್ಲ, ನವಾಹೊ ಸೀಮೆ ಇಡುತ್ತದೆ, ಅದರ ಒಡಲಲ್ಲೇ ಇರುವ ಹೋಪಿ ಸೀಮೆ ಇಡುವುದಿಲ್ಲ! ಇಲ್ಲಿನ ಒರೈಬಿ ಎಂಬ ಹಳ್ಳಿಯಲ್ಲಿ ಸುಮಾರು ಒಂಬೈನೂರು ವರ್ಷಗಳಿಂದ ಒಲೆ ಆರಿಲ್ಲ. ಹೋಪಿ ಹಳ್ಳಿಗಳಲ್ಲಿ ಫೋಟೊ ತೆಗೆಯುವಂತಿಲ್ಲ, ಚಿತ್ರ ಬರೆಯುವಂತಿಲ್ಲ, ಧ್ವನಿ ಮುದ್ರಿಸುವಂತಿಲ್ಲ. ನನ್ನ ವೃತ್ತಿಯವರಿಗೆ ಇದು ಕಷ್ಟದ ನಿಯಮ. ಆದರೆ ಅವರು ಏನೇನು ಕಳೆದುಕೊಂಡಿದ್ದಾರೆಂಬುದನ್ನು ನೋಡಿದರೆ ನಿಯಮ ನ್ಯಾಯವಾಗಿಯೇ ಇದೆ ಎನಿಸುತ್ತದೆ.

ವಿಜ್ಞಾನವೂ ಈ ನಿಯಮವನ್ನು ನಿಧಾನವಾಗಿ ಕಲಿಯುತ್ತಿದೆ. ಪ್ಯೂಬ್ಲೊ ಬೊನಿಟೊದ 33ನೇ ಕೋಣೆಯಲ್ಲಿ 1896ರಲ್ಲಿ ಅಗೆದು ತೆಗೆದ ಅಸ್ಥಿಗಳು ನ್ಯೂಯಾರ್ಕಿನ ಸಂಗ್ರಹಾಲಯದಲ್ಲಿದ್ದವು. ಅವುಗಳಲ್ಲಿ ಒಂಬತ್ತು ಮಂದಿ ಒಂದೇ ತಾಯಿಯ ಬಳ್ಳಿಯವರು, ಮುನ್ನೂರಕ್ಕೂ ಹೆಚ್ಚು ವರ್ಷ ಅಧಿಕಾರ ತಾಯಿಯ ಕಡೆಯಿಂದ ಸಾಗಿತ್ತು ಎಂದು 2017ರಲ್ಲಿ ಪ್ರಕಟವಾಯಿತು. ಮಹತ್ವದ ಸಂಶೋಧನೆಯೇ ಸರಿ. ಆದರೆ ಪ್ಯೂಬ್ಲೊ ಜನರನ್ನು ಒಂದು ಮಾತು ಕೇಳಿರಲಿಲ್ಲ. 2025ರ ಏಪ್ರಿಲ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇದಕ್ಕೆ ತೀರ ಬೇರೆ. ಉತ್ತರ ನ್ಯೂ ಮೆಕ್ಸಿಕೊದ ಪಿಕುರಿಸ್ ಎಂಬ ಪುಟ್ಟ ಪ್ಯೂಬ್ಲೊದ ಜನ ತಾವೇ ವಿಜ್ಞಾನಿಗಳನ್ನು ಕರೆದು, ತಮ್ಮ ಪೂರ್ವಿಕರ ಮತ್ತು ತಮ್ಮ ವಂಶವಾಹಿ ಪರೀಕ್ಷೆಗೆ ಒಪ್ಪಿದರು. ಚಾಕೊದವರ ಜೊತೆ ಅವರಿಗೆ ಹತ್ತಿರದ ನಂಟಿರುವುದು ಕಂಡುಬಂತು. ಅಜ್ಜಿಯರು ಹೇಳುತ್ತಿದ್ದುದೂ ಅದನ್ನೇ.

ಈ ನಂಟಿಗೆ ಈಗ ಬೇರೆ ಬೆಲೆಯೂ ಬಂದಿದೆ. ಚಾಕೊದ ಸುತ್ತ ತೈಲ ಮತ್ತು ಅನಿಲದ ನಿಕ್ಷೇಪಗಳಿವೆ. 2023ರ ಜೂನ್‌ನಲ್ಲಿ ಅಮೆರಿಕ ಸರ್ಕಾರ ಉದ್ಯಾನದ ಸುತ್ತ 16 ಕಿ.ಮೀ. ಒಳಗೆ 20 ವರ್ಷ ಹೊಸ ಗುತ್ತಿಗೆ ಕೊಡುವುದಿಲ್ಲ ಎಂದಿತು. ಪ್ಯೂಬ್ಲೊಗಳು ಸ್ವಾಗತಿಸಿದವು. ಅಲ್ಲೇ ಜಮೀನಿದ್ದು ಗೌರವಧನದಿಂದ ಸಂಸಾರ ನಡೆಸುವ ಬಡ ನವಾಹೊ ಕುಟುಂಬಗಳಿಗೆ ಅದು ಹೊಡೆತ ಎಂದು ನವಾಹೊ ಆಡಳಿತ 2025ರ ಜನವರಿಯಲ್ಲಿ ನ್ಯಾಯಾಲಯಕ್ಕೆ ಹೋಯಿತು. ಎರಡೂ ಕಡೆ ನ್ಯಾಯವಿದೆ.

ಫಿನ್ಲೆಂಡಿಗೆ ಹೋದ ಪೆಟ್ಟಿಗೆಗಳ ಮಾತು ಬಾಕಿ ಇದೆ. ಹೋಪಿ, ಜುನಿ, ಆಕೊಮಾ, ಜಿಯಾ ಜನ ಒಟ್ಟಾಗಿ ಕೇಳಿದ ಮೇಲೆ, 2019ರಲ್ಲಿ ಎರಡೂ ದೇಶಗಳ ಅಧ್ಯಕ್ಷರ ಮಟ್ಟದಲ್ಲಿ ಒಪ್ಪಿಗೆಯಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಇಪ್ಪತ್ತು ಮಂದಿಯ ಅಸ್ಥಿಗಳು, ಅವರ ಜೊತೆ ಇಟ್ಟಿದ್ದ 28 ವಸ್ತುಗಳು ಮರಳಿದವು. ಅವನ್ನು ಮೇಸ ವರ್ಡೆಯಲ್ಲೇ ಮತ್ತೆ ಮಣ್ಣು ಮಾಡಿದರು. ಯಾವ ಜಾಗದಲ್ಲಿ ಎಂದು ಮಾತ್ರ ಹೊರಗೆ ಹೇಳಿಲ್ಲ.