ಇಳಿದವರ ಲೆಕ್ಕ

ಕೋಲಾರ ಸೀಮೆಯ ಮಗುವಿಗೆ ನೀರು ಎಂದರೆ ಕೆರೆ. ಏರಿಯ ಮೇಲೆ ನಿಂತರೆ ಆಚೆ ದಡ ಕಾಣುತ್ತದೆ, ನೀರು ಇದ್ದಲ್ಲೇ ಇರುತ್ತದೆ. ಬಂಗಾರಪೇಟೆ, ಕೆಜಿಎಫ್ ಕಡೆಯ ಎಷ್ಟೋ ಮಕ್ಕಳು ಸಮುದ್ರವನ್ನು ಮೊದಲ ಸಲ ನೋಡುವುದು ಶಾಲಾ ಪ್ರವಾಸದಲ್ಲಿ.

2024ರ ಡಿಸೆಂಬರ್ 10, ಮಂಗಳವಾರ. ಇದೇ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಮಕ್ಕಳು ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಹೋಗಿದ್ದರು. ಸಂಜೆ ಕಡಲಿಗಿಳಿದ ಏಳು ಹುಡುಗಿಯರು ಅಲೆಗಳ ಸೆಳೆತಕ್ಕೆ ಸಿಕ್ಕರು. ಮೂವರು ಉಳಿದರು. ನಾಲ್ವರು ಮನೆಗೆ ಬರಲಿಲ್ಲ.

ಸರ್ಕಾರ ಪ್ರತಿ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಪ್ರಾಂಶುಪಾಲರ ಅಮಾನತಾಯಿತು, ಶಿಕ್ಷಕರ ಮೇಲೆ ಪ್ರಕರಣ ದಾಖಲಾಯಿತು, ಆ ತೀರಕ್ಕೆ ಪ್ರವಾಸಿಗರು ಹೋಗುವುದನ್ನು ಕೆಲಕಾಲ ತಡೆಯಲಾಯಿತು. ತಪ್ಪಿದ್ದರೆ ಶಿಕ್ಷೆ ಆಗಲೇಬೇಕು. ಆದರೆ ಮುಂದಿನ ವರ್ಷ ಬೇರೊಂದು ಊರಿನಿಂದ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರಿಗೆ ಬೇಕಾದ ಮಾತು ಅಮಾನತಿನ ಆದೇಶದಲ್ಲಿ ಸಿಗುವುದಿಲ್ಲ.

ಅವರಿಗೆ ಮೊದಲು ಗೊತ್ತಾಗಬೇಕಾದದ್ದು ಸಮುದ್ರದ ಸ್ವಭಾವ. ಮೊಣಕಾಲುದ್ದ ನೀರಿನಲ್ಲಿ ನಿಂತಾಗ ಅಲೆ ಬಂದು ತಾಗುವುದು ಆಟದಂತಿರುತ್ತದೆ. ಅದೇ ಅಲೆ ಹಿಂದಕ್ಕೆ ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳು ಸರ್ರನೆ ಜಾರುತ್ತದೆ, ಕಾಲು ಹೂತು ಮೈ ಸಮುದ್ರದ ಕಡೆಗೆ ವಾಲುತ್ತದೆ. ದಡಕ್ಕೆ ಬಂದು ಬಿದ್ದ ನೀರೆಲ್ಲ ಎಲ್ಲೋ ಒಂದು ಕಡೆ ಇಕ್ಕಟ್ಟಾದ ಹಾದಿ ಮಾಡಿಕೊಂಡು ರಭಸವಾಗಿ ಒಳಕ್ಕೆ ಓಡುತ್ತದೆ. ಮೋಸ ಇರುವುದು ಇಲ್ಲೇ. ಆ ಹಾದಿಯಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆಯೂ ಕಡಿಮೆ. ಕೆರೆ ನೋಡಿ ಬೆಳೆದ ಕಣ್ಣಿಗೆ ಅದೇ ಶಾಂತವಾದ ಜಾಗವಾಗಿ ಕಾಣುತ್ತದೆ. ಸಿಕ್ಕಿಬಿದ್ದವರು ನೇರ ದಡದತ್ತ ಈಜಲು ಹೆಣಗಿದರೆ ಸುಸ್ತಾಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತ ಬಿಡುತ್ತದೆ. ಈಜು ಬಾರದ ಮಗು ಇದ್ಯಾವುದನ್ನೂ ಮಾಡಲಾರದು. ಅದು ನೀರಿಗೆ ಇಳಿಯದಂತೆ ನೋಡಿಕೊಳ್ಳುವುದೊಂದೇ ದಾರಿ. ಜೊತೆಗೆ, ಡಿಸೆಂಬರಿನಲ್ಲಿ ಕರಾವಳಿಯ ಸೂರ್ಯ ಆರು ಗಂಟೆಯ ಸುಮಾರಿಗೆ ಮುಳುಗುತ್ತಾನೆ. ಸಂಜೆ ದಡ ಮುಟ್ಟಿದ ಬಸ್ಸಿನ ಮಕ್ಕಳನ್ನು ಹುಡುಕಲು ಬೆಳಕೂ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಅವಘಡದಿಂದ ಕಲಿಯುವುದು ಹೇಗೆ ಎಂದು ಚಿನ್ನದ ಗಣಿಗಳ ಊರಾದ ಕೆಜಿಎಫ್‌ಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಮೇಲಿನ ಭಾರ ತಾಳದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. 'ರಾಕ್ ಬರ್ಸ್ಟ್' ಎಂಬ ಮಾತು ಕಾರ್ಮಿಕರ ಲೈನುಗಳಲ್ಲಿ ಹೆಂಗಸರು ಮಕ್ಕಳಿಗೂ ತಿಳಿದಿತ್ತು. ಎಲ್ಲಿ ಸಿಡಿಯಿತು, ಯಾವ ಆಳದಲ್ಲಿ, ಎಷ್ಟು ಜೋರಾಗಿ ಎಂದು ದಶಕಗಳ ಕಾಲ ಬರೆದಿಟ್ಟರು, ನೆಲದ ಕಂಪನವನ್ನು ಅಳೆದರು. ಅದಿರು ತೆಗೆದ ಜಾಗಕ್ಕೆ ಗ್ರಾನೈಟ್ ಗೋಡೆಗಳ ಆಸರೆ ಬಂತು, ಆಮೇಲೆ ಕಾಂಕ್ರೀಟು. ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಶುರುವಾದದ್ದೂ ಇದೇ ಊರಿನಲ್ಲಿ. 1952ರ ಗಣಿ ಕಾಯ್ದೆಯ ಪ್ರಕಾರ ನೆಲದೊಳಗೆ ಇಳಿದು ಕೆಲಸ ಮಾಡುವವರ ರಿಜಿಸ್ಟರನ್ನು ಗಣಿಯವರು ಇಡಲೇಬೇಕಿತ್ತು. ಯಾವ ಹೊತ್ತಿನಲ್ಲಿ ಕೇಳಿದರೂ ಒಳಗೆ ಇರುವವರು ಯಾರೆಂದು ಹೇಳಲು ಬರಬೇಕಿತ್ತು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಇಳಿದವರ ಲೆಕ್ಕ ಇಡುವ ಆ ಶಿಸ್ತು ಕಡಲತೀರದ ಮೇಷ್ಟ್ರ ಕೈಯಲ್ಲಿದ್ದರೆ ಎಷ್ಟು ಚೆನ್ನ!

ಪ್ರವಾಸ ಮಾತ್ರವಲ್ಲ, ಊರೊಳಗಿನ ಸಮಾರಂಭವೂ ಕೈಮೀರಬಹುದು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಬೆಂಕಿ ಹತ್ತಿ 400ಕ್ಕೂ ಹೆಚ್ಚು ಜನ ಸತ್ತರು. ಬೇಗ ಉರಿಯುವ ಬಟ್ಟೆ, ವಿದ್ಯುತ್ ತಂತಿ, ಅಷ್ಟು ಜನಕ್ಕೆ ಸಾಲದ ಬಾಗಿಲು. ಒಂದೊಂದೂ ಯಾರೋ ಗಡಿಬಿಡಿಯಲ್ಲಿ 'ಇರಲಿ ಬಿಡಿ' ಎಂದದ್ದಿರಬೇಕು.

ಹಾಗಾಗಿ 'ಯಾರ ತಪ್ಪು' ಎಂಬುದರ ಪಕ್ಕದಲ್ಲೇ 'ಯಾವುದರ ಹಿಂದೆ ಯಾವುದು ನಡೆಯಿತು' ಎಂಬ ಪ್ರಶ್ನೆ ಇರಬೇಕು. ಬಸ್ಸು ಎಷ್ಟು ತಡವಾಯಿತು? ತಡವಾದಾಗ ಯಾವ ಕಾರ್ಯಕ್ರಮ ಕೈಬಿಟ್ಟರು, ಯಾವುದನ್ನು ಅವಸರದಲ್ಲಿ ಮುಗಿಸಿದರು? ಕೊನೆಯ ಸಲ ತಲೆ ಎಣಿಸಿದ್ದು ಎಲ್ಲಿ? ನೆನಪು ಹಸಿಯಾಗಿರುವಾಗಲೇ, ಎರಡು ಮೂರು ದಿನದೊಳಗೆ, ಇದನ್ನು ಕೇಳಿ ಬರೆಯಬೇಕು. ಮಕ್ಕಳನ್ನೂ ಕೇಳಬೇಕು, ದೊಡ್ಡವರ ಕಣ್ಣಿಗೆ ಬೀಳದ್ದು ಹಿಂದಿನ ಸೀಟಿನ ಹುಡುಗನಿಗೆ ಕಂಡಿರುತ್ತದೆ.

ಯಾರಿಗೂ ಏನೂ ಆಗದ ದಿನಗಳ ಬರಹ ಇನ್ನೂ ಮುಖ್ಯ. ಬಂಗಾರಪೇಟೆ ಜಂಕ್ಷನ್ನಿನಂಥ ಕಡೆ ರೈಲು ಹತ್ತುವಾಗ ಒಬ್ಬ ಹುಡುಗಿ ಹತ್ತು ನಿಮಿಷ ಕಾಣೆಯಾಗುತ್ತಾಳೆ, ಆಮೇಲೆ ನಲ್ಲಿಯ ಹತ್ತಿರ ಬಾಟಲಿಗೆ ನೀರು ತುಂಬುತ್ತಾ ಸಿಗುತ್ತಾಳೆ. ಟೀಚರಿಗೆ ಜೀವ ಬಂದಂತಾಗುತ್ತದೆ, ಎಲ್ಲರೂ ನಕ್ಕು ರೈಲು ಹತ್ತುತ್ತಾರೆ. ಶಾಲೆಗೆ ಮರಳಿದ ಮೇಲೆ ಆ ಹತ್ತು ನಿಮಿಷ ಪ್ರವಾಸದ ವರದಿಯಲ್ಲಿ ಒಂದು ಸಾಲಾಗಬೇಕು: ಯಾವ ಪ್ಲಾಟ್‌ಫಾರಂ, ಎಷ್ಟು ಗಂಟೆ, ಆಗ ಎಣಿಸುತ್ತಿದ್ದವರು ಯಾರು.