ಪತ್ತೇದಾರಿ ಪುಸ್ತಕ ಹೊರಬೀಳುವ ದಿನ

(ದಿವಾದಲ್ಲಿ ಕನ್ನಡ ಕಾರ್ಮಿಕ ಬಂಧುಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮನ್ನು ಇಲ್ಲಿ ಮಾತಿಗೆ ನಿಲ್ಲಿಸಿದವರು ಕಾರ್ಯದರ್ಶಿಗಳು. ಆದರೆ ವಿಷಯ ಕೊಟ್ಟವರು ಅವರಲ್ಲ. ಕೊಟ್ಟವನು ಹಿಂದಿನ ಸಾಲಿನಲ್ಲಿ ತಲೆ ಬಗ್ಗಿಸಿ ಕುಳಿತಿದ್ದಾನೆ. ಹೆಸರು ಹೇಳಬಾರದೆಂದು ನಮ್ಮಿಂದ ಮಾತು ತೆಗೆದುಕೊಂಡಿದ್ದಾನೆ, ಹೇಳುವುದಿಲ್ಲ. ಕುಂದಾಪುರದ ಕಡೆಯ ಹುಡುಗ. ಥಾಣೆಯ ಒಂದು ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತು ದೋಸೆ ಹೊಯ್ಯುತ್ತಾನೆ. ಮೂರು ವರ್ಷದಿಂದ, ರಾತ್ರಿ ಬಾಗಿಲು ಹಾಕಿ ಕಡೆಯ ಗಾಡಿಗೆ ದಿವಾಕ್ಕೆ ಬಂದ ಮೇಲೆ, ಹಳೆಯ ಬಿಲ್ಲು ಪುಸ್ತಕಗಳ ಹಿಂಬದಿಯಲ್ಲಿ ಒಂದು ಪತ್ತೇದಾರಿ ಕಾದಂಬರಿ ಬರೆದಿದ್ದಾನೆ. ಈಗ ಅದನ್ನು ಅಚ್ಚು ಹಾಕಿಸಬೇಕೆಂಬ ಆಸೆ. ಅದಕ್ಕಾಗಿ ಚೀಟಿ ಎತ್ತುತ್ತೇನೆ ಎನ್ನುತ್ತಾನೆ. ಆ ಚೀಟಿ ತಂಗಿಯ ಮದುವೆಗೆಂದು ಕಟ್ಟುತ್ತ ಬಂದದ್ದು.

ಎರಡು ವಾರದ ಹಿಂದೆ ನಮ್ಮ ಕೋಣೆಗೆ ಬಂದು ಕೇಳಿದ: "ಅಣ್ಣ, ಪುಸ್ತಕ ಹೊರಗ್ ಬಂದ್ ಮೇಲೆ ಬರ್ದವನ ಕಥೆ ಎಂತ ಆತ್ತ್?"

ಆ ದಿನ ನಮಗೆ ಉತ್ತರ ಹೊಳೆಯಲಿಲ್ಲ. ಇವತ್ತು ಎಲ್ಲರೆದುರು ಹೇಳಲು ಪ್ರಯತ್ನಿಸುತ್ತೇವೆ.

ನಾವು ಪತ್ತೇದಾರಿ ಬರೆದವರಲ್ಲ, ಓದಿದವರು. ಗಿರಣಿಯಲ್ಲಿದ್ದ ಕಾಲದಲ್ಲಿ ನಮ್ಮ ಚಾಳಿನ ಕೋಣೆಯಲ್ಲಿ ಹನ್ನೊಂದು ಮಂದಿ. ಊರಿಗೆ ಹೋಗಿ ಬಂದವನು ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ತಂದ ಒಂದು ಕಾದಂಬರಿ ಎಂದರೆ ಹಬ್ಬ. ಒಬ್ಬನು ಓದಿ ಮುಗಿಸುವವರೆಗೆ ಹತ್ತು ಮಂದಿ ತಡೆದಿರುವುದು ಹೇಗೆ? ಆದುದರಿಂದ ಪುಸ್ತಕದ ಹೊಲಿಗೆ ಬಿಚ್ಚಿ, ಫಾರಂ ಫಾರಂ ಬೇರೆ ಮಾಡಿ ಹಂಚಿಕೊಂಡು ಓದುತ್ತಿದ್ದೆವು. ರಾತ್ರಿ ಪಾಳಿಯವನಿಗೆ ಮೊದಲ ಫಾರಂ, ಹಗಲು ಪಾಳಿಯವನಿಗೆ ಎರಡನೆಯದು. ಕೊಲೆ ಯಾರು ಮಾಡಿದರೆಂದು ಮೊದಲೇ ತಿಳಿದವನು ಬಾಯಿ ಬಿಟ್ಟರೆ ಅವನಿಗೆ ಒಂದು ವಾರ ನೀರು ಹೊರುವ ಶಿಕ್ಷೆ. ಹೀಗೆ ಹಂಚಿಕೊಂಡು ಓದಿದ್ದರಿಂದ ಎಷ್ಟೋ ಪುಸ್ತಕಗಳ ಕೊನೆಯ ಫಾರಂ ಕಳೆದೇ ಹೋಯಿತು. ಆ ಕೊಲೆಗಾರರು ಇಂದಿಗೂ ನಮ್ಮ ಕೈಗೆ ಸಿಕ್ಕಿಲ್ಲ.

ಆ ಪುಸ್ತಕಗಳಲ್ಲಿ ಹೆಚ್ಚಿನವು ಎನ್. ನರಸಿಂಹಯ್ಯನವರವು. ಪತ್ತೇದಾರ ಪುರುಷೋತ್ತಮನೆಂದರೆ ನಮಗೆ ಪಕ್ಕದ ಕೋಣೆಯವನಷ್ಟು ಪರಿಚಯ. ನರಸಿಂಹಯ್ಯನವರು ಹುಟ್ಟಿದ್ದು ೧೯೨೫ರಲ್ಲಿ. ಶಾಲೆಯಲ್ಲಿ ಓದಿದ್ದು ನಾಲ್ಕನೆಯ ತರಗತಿ ಮಾತ್ರ. ಹೊಟ್ಟೆಪಾಡಿಗೆ ಬಸ್ ಕಂಡಕ್ಟರನ ಕೆಲಸವನ್ನೂ ಮಾಡಿದವರು. ೧೯೫೨ರಲ್ಲಿ ಪುರುಷೋತ್ತಮನನ್ನು ಕನ್ನಡಿಗರ ಮುಂದೆ ತಂದು ನಿಲ್ಲಿಸಿದರು. ಅಲ್ಲಿಂದ ಮುಂದೆ ಬರೆದ ಕಾದಂಬರಿಗಳು ಐನೂರಕ್ಕೂ ಹೆಚ್ಚು. ೨೦೧೧ರ ಡಿಸೆಂಬರ್ ೨೫ರಂದು ತೀರಿಕೊಂಡರು.

ಐನೂರು ಎಂದು ಬಾಯಲ್ಲಿ ಹೇಳುವುದು ಸುಲಭ. ಲೆಕ್ಕ ಹಾಕಿ ನೋಡಿ. ತಿಂಗಳಿಗೆ ಒಂದರಂತೆ, ಒಂದು ತಿಂಗಳೂ ತಪ್ಪದೆ, ಜ್ವರ ಬಂದರೂ ಮನೆಯಲ್ಲಿ ಮದುವೆ ಮುಂಜಿ ಇದ್ದರೂ ಬಿಡದೆ ಬರೆದರೆ ಐನೂರು ಪುಸ್ತಕಕ್ಕೆ ನಲವತ್ತೊಂದು ವರ್ಷ ಎಂಟು ತಿಂಗಳು. ನಮ್ಮಲ್ಲಿ ಎಷ್ಟು ಮಂದಿ ಒಂದೇ ಸಾಂಚೆಯ ಮೇಲೆ ಅಷ್ಟು ವರ್ಷ ನಿಂತಿದ್ದಾರೆ?

ಈಗ ಹುಡುಗನ ಪ್ರಶ್ನೆಗೆ ಬರೋಣ. ಹೀಗೆ ಬರೆಯುವವನಿಗೆ ಹೊಸ ಪುಸ್ತಕ ಹೊರಬಿದ್ದ ದಿನವೆಂಬುದು ಎಲ್ಲಿರುತ್ತದೆ? ದೊಡ್ಡವರ ಪುಸ್ತಕಕ್ಕೆ ಸಭೆ ಕೂಡುತ್ತದೆ. ಹಾರ, ಫಲ, ಕಟ್ಟಿದ ಪೊಟ್ಟಣದ ದಾರ ಬಿಚ್ಚುವ ಗಣ್ಯರು. ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗುವ ಪುಸ್ತಕಕ್ಕೆ ಅದೆಲ್ಲ ಯಾಕೆ? ಕಟ್ಟು ಬಿಚ್ಚುವವನು ಅಂಗಡಿಯ ಹುಡುಗ. ಅದೇ ಹೊತ್ತಿಗೆ ಬರೆದವನ ಮೇಜಿನ ಮೇಲೆ ಇನ್ನೊಂದು ಹೆಣ ಬಿದ್ದಿರಬೇಕು, ಇನ್ನೊಬ್ಬ ಕೊಲೆಗಾರ ಕತ್ತಲಲ್ಲಿ ನಿಂತಿರಬೇಕು. ಗಜದ ಲೆಕ್ಕದಲ್ಲಿ ಕೂಲಿ ಪಡೆದ ನೇಕಾರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಕು ಇಳಿಸಿದ ಮೇಲೆ ಅದು ಯಾರ ಮೈಮೇಲೆ ಅಂಗಿಯಾಯಿತೆಂದು ನೋಡಲು ಯಾರು ಹೋಗುತ್ತಾರೆ? ಸಾಂಚೆ ನಿಲ್ಲಿಸಿದರೆ ಕೂಲಿಯೂ ನಿಂತಿತು.

ಇದು ಒಬ್ಬರ ಕಥೆಯಲ್ಲ. ನವೆಂಬರ್ ಒಂದಕ್ಕೆ ನಾವು ಏರಿಸುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರನ್ನು ಕನ್ನಡದ ಹೋರಾಟಗಾರರೆಂದು ನೆನೆಯುತ್ತೇವೆ. ಅವರು ನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದವರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ೧೯೬೭ರ ಡಿಸೆಂಬರ್ ೨೫ರಂದು ತಮ್ಮ ತೋಟದಲ್ಲಿ ಬಾವಿ ತೋಡುತ್ತಿದ್ದಾಗ ಮಣ್ಣು ಕುಸಿದು ಇಬ್ಬರು ಗಂಡುಮಕ್ಕಳೊಡನೆ ತೀರಿಹೋದರು. ನೂರು ಪುಸ್ತಕ ಬರೆದವರು ತೋಟದ ಬಾವಿಯ ಮಣ್ಣಿನಲ್ಲಿ ಹೋದರೆಂದು ನೆನೆದಾಗ ನಮಗೆ ಮಾತು ಹೊರಡುವುದಿಲ್ಲ.

ನಾವಿರುವ ಈ ಕಡೆಯದನ್ನೇ ನೋಡೋಣ. ದಿವಾದಿಂದ ವಸಯಿ ಗಾಡಿ ಹತ್ತಿ, ಅಲ್ಲಿಂದ ವಿರಾರಕ್ಕೆ ಹೋದರೆ ಹತ್ತಿರದಲ್ಲೇ ಅರ್ನಾಳದ ಕಡಲು. ಆ ಊರಿನ ಹೆಸರನ್ನೇ ಹೊತ್ತು ಬಾಬೂರಾವ್ ಅರ್ನಾಳಕರ್ ಎಂಬ ಹೆಸರಿನಲ್ಲಿ ಮರಾಠಿಯಲ್ಲಿ ಸಾವಿರಕ್ಕೂ ಹೆಚ್ಚು ರಹಸ್ಯಕಥೆ ಬರೆದವರೊಬ್ಬರಿದ್ದರು. ನಮ್ಮ ಗಿರಣಿಯ ಮರಾಠಿ ಸಂಗಡಿಗರಿಗೆ ಅವರ ಝುಂಜಾರ, ಕಾಳಾಪಹಾಡ್ ಎಂದರೆ ಪ್ರಾಣ. ಅವರು ಝುಂಜಾರನ ಕಥೆ ಹೇಳುವುದು, ನಾವು ಪುರುಷೋತ್ತಮನ ಕಥೆ ಹೇಳುವುದು, ಯಾರವನು ಹೆಚ್ಚು ಚುರುಕು ಎಂದು ಊಟದ ಡಬ್ಬಿಯ ಮುಂದೆ ಜಗಳ. ಗಡಿಯ ವಿಷಯದಲ್ಲಿ ಪುಢಾರಿಗಳು ಆಡಿದ ಜಗಳಕ್ಕಿಂತ ಅದು ಎಷ್ಟೋ ಮೇಲು.

ದೂರದ ವಿಲಾಯತಿನಲ್ಲಾದರೂ ಬರೆದವನು ಪುಸ್ತಕ ಬಂದ ಕೂಡಲೇ ಸಿರಿವಂತನಾಗುತ್ತಾನೋ ಎಂದರೆ, ಅದೂ ಇಲ್ಲ. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ರೋಗಿಗಳು ಹೆಚ್ಚಾಗಿ ಬಾರದ ಒಬ್ಬ ಡಾಕ್ಟರು. ಹೋಮ್ಸನ ಮೊದಲ ಕಾದಂಬರಿಯನ್ನು ಪ್ರಕಾಶಕರು ಇಪ್ಪತ್ತೈದು ಪೌಂಡಿಗೆ ಹಕ್ಕುಸಮೇತ ಕೊಂಡರು. ಅದೂ ಕೂಡಲೇ ಅಚ್ಚಾಗಲಿಲ್ಲ, ಒಂದು ವರ್ಷ ಕಾಯಿಸಿ ೧೮೮೭ರಲ್ಲಿ ಹೊರಬಂತು. ಆ ಪುಸ್ತಕ ಲೋಕದಲ್ಲೆಲ್ಲ ಅಚ್ಚಾಯಿತು, ಡಾಯ್ಲರಿಗೆ ಅದರಿಂದ ಮತ್ತೊಂದು ಬಿಡಿಕಾಸೂ ಬರಲಿಲ್ಲ. ಅಗಾಥಾ ಕ್ರಿಸ್ಟಿ ಎಂಬ ಮಹಾತಾಯಿಯ ಮೊದಲ ಪುಸ್ತಕ ಬಂದದ್ದು ೧೯೨೦ರಲ್ಲಿ. ಅವರ ಕೈಗೆ ಬಂದದ್ದೂ ಅದೇ ಇಪ್ಪತ್ತೈದು ಪೌಂಡು. ಮೂವತ್ತು ವರ್ಷಗಳಲ್ಲಿ ಕೂಲಿ ಏರಲಿಲ್ಲವೆಂದಾಯಿತು. ಇಂಥದು ಗಿರಣಿಯಲ್ಲಿ ಮಾತ್ರ ನಡೆಯುತ್ತದೆಂದು ನಾವು ತಿಳಿದಿದ್ದೆವು!

ಈ ಕ್ರಿಸ್ಟಿಯವರ ಒಂದು ಸಂಗತಿಯನ್ನು ಹೋಟೆಲ್ ಬಂಧುಗಳು ಕೇಳಲೇಬೇಕು. ೧೯೨೬ರಲ್ಲಿ ಅವರ ಒಂದು ಕಾದಂಬರಿ ಹೊರಬಂದು ಊರೆಲ್ಲ ಅದೇ ಮಾತು. ಕೊಲೆಗಾರನನ್ನು ಯಾರೂ ಊಹಿಸದ ಕಡೆ ಅಡಗಿಸಿಟ್ಟಿದ್ದರು. ಓದಿದವರು ಹೊಗಳುವವರೆಷ್ಟೋ, ಇದು ಮೋಸವೆಂದು ಕೂಗಾಡಿದವರೆಷ್ಟೋ. ಹೊರಗೆ ಹೀಗೆ ಹೆಸರು ಬೆಳೆಯುತ್ತಿದ್ದಾಗ ಮನೆಯೊಳಗೇನಿತ್ತು? ಆ ವರ್ಷವೇ ತಾಯಿ ಸತ್ತಿದ್ದರು. ಗಂಡನು ಬೇರೊಬ್ಬಳ ಮೇಲೆ ಮನಸ್ಸಿಟ್ಟು ಬಿಡುಗಡೆ ಕೇಳಿದ್ದನು. ಡಿಸೆಂಬರ್ ೩ರ ರಾತ್ರಿ ಈ ತಾಯಿ ಕಾರು ಹತ್ತಿ ಮನೆಯಿಂದ ಹೊರಟವರು ಕಾಣೆಯಾದರು. ಮರುದಿನ ಬರಿ ಕಾರು ಸಿಕ್ಕಿತು. ಪೋಲೀಸರೂ ಊರ ಜನರೂ ಸಾವಿರಗಟ್ಟಲೆ ಸೇರಿ ಕಾಡುಮೇಡು ಹುಡುಕಿದರು. ಕಾನನ್ ಡಾಯ್ಲರಂತೂ ಅವರ ಒಂದು ಕೈಚೀಲವನ್ನು, ಎಂದರೆ ಚಳಿಗೆ ಕೈಗೆ ಹಾಕುವ ಗವಸನ್ನು, ತರಿಸಿ ಮೈಮೇಲೆ ಬರುವವನೊಬ್ಬನ ಹತ್ತಿರ ಕೇಳಿಸಿದರಂತೆ. ಹೋಮ್ಸನನ್ನು ಹುಟ್ಟಿಸಿದವರು ನಿಮಿತ್ತ ಕೇಳಲು ಹೋದರು ನೋಡಿ!

ಹನ್ನೊಂದು ದಿನ ಕಳೆಯಿತು. ಹ್ಯಾರೊಗೇಟ್ ಎಂಬ ಊರಿನ ಹೋಟೆಲಿನಲ್ಲಿ ಒಬ್ಬ ಹೆಂಗಸು ಸುಳ್ಳು ಹೆಸರು ಬರೆಸಿ ಇಳಿದುಕೊಂಡಿದ್ದಳು. ಗಂಡನು ಮೆಚ್ಚಿದವಳ ಮನೆತನದ ಹೆಸರನ್ನೇ ತನ್ನದೆಂದು ಬರೆಸಿದ್ದಳು, ಅದರಲ್ಲಿ ಎಷ್ಟು ನೋವಿತ್ತೋ ದೇವರೇ ಬಲ್ಲ. ಆಕೆಯನ್ನು ಗುರುತಿಸಿದವರು ಯಾರು? ಪೋಲೀಸರಲ್ಲ. ಆ ಹೋಟೆಲಿನಲ್ಲಿ ರಾತ್ರಿ ಹೊತ್ತು ವಾದ್ಯ ಬಾರಿಸಲು ಕೂಲಿಗಿದ್ದವರು. ಪತ್ರಿಕೆಯಲ್ಲಿ ಬಂದ ಚಿತ್ರವನ್ನೂ ಎದುರಿಗಿದ್ದ ಮುಖವನ್ನೂ ಹೋಲಿಸಿ ನೋಡಿ ಸುದ್ದಿ ಮುಟ್ಟಿಸಿದರು. ಹೋಟೆಲಿನಲ್ಲಿ ಕೆಲಸ ಮಾಡುವವರಿಗೆ ಗಿರಾಕಿಯ ಮುಖ ತಪ್ಪುವುದಿಲ್ಲ. ಆ ಹನ್ನೊಂದು ದಿನಗಳ ವಿಷಯವನ್ನು ಕ್ರಿಸ್ಟಿಯವರು ಮುಂದೆ ತಮ್ಮ ಆತ್ಮಕಥೆಯಲ್ಲೂ ಬರೆಯಲಿಲ್ಲ.

ಈ ಕಥೆ ಕೇಳಿ ನಮ್ಮ ಹುಡುಗ ನಕ್ಕ. ಯಾಕೆಂದರೆ ಅವನ ಕಾದಂಬರಿಯ ಪತ್ತೇದಾರನೂ ಪೋಲೀಸನಲ್ಲ, ಹೋಟೆಲಿನ ಮಾಣಿ. ಯಾವ ಗಿರಾಕಿ ಯಾವ ಮೇಜಿಗೆ ಕುಳಿತ, ಚಹದಲ್ಲಿ ಎಷ್ಟು ಬಿಟ್ಟ, ದುಡ್ಡು ಯಾವ ಜೇಬಿನಿಂದ ತೆಗೆದ, ಎಲ್ಲ ಅವನ ತಲೆಯಲ್ಲಿ. ನಡೆಯುವುದು ಈ ನಮ್ಮ ದಿವಾ ಸ್ಟೇಷನ್ನಿನಲ್ಲಿ. ಕಲ್ಯಾಣದ ಹಾದಿ, ವಸಯಿಯ ಹಾದಿ, ಪನವೇಲದ ಹಾದಿ ಕೂಡುವ ಜಾಗ. ಪನವೇಲ ಗಾಡಿಯಿಂದ ಇಳಿದೆನೆಂದು ಆಣೆಯಿಟ್ಟವನ ಜೇಬಿನಿಂದ ಬಿದ್ದದ್ದು ವಸಯಿಯ ಟಿಕೀಟು. ಇದಕ್ಕಿಂತ ಹೆಚ್ಚು ಹೇಳಿದರೆ ನಮಗೂ ನೀರು ಹೊರುವ ಶಿಕ್ಷೆಯಾದೀತು.

ತಮ್ಮಾ, ಈಗ ನಿನಗೇ ಹೇಳುವ ಮಾತು. ಚೀಟಿಯ ದುಡ್ಡು ಮುಟ್ಟಬೇಡ. ತಂಗಿಯ ಮದುವೆಯ ದುಡ್ಡಿನಿಂದ ಐನೂರು ಪ್ರತಿ ಅಚ್ಚು ಹಾಕಿಸಿ, ಅವುಗಳನ್ನು ದಿವಾದ ಕೋಣೆಯಲ್ಲಿ ಮಂಚದ ಕೆಳಗೆ ಒಟ್ಟಿ, ಮಳೆಗಾಲದಲ್ಲಿ ನೀರು ನುಗ್ಗಿದರೆ ಎತ್ತಿಡಲು ಜಾಗವೆಲ್ಲಿದೆ? ಕೆಲಸವನ್ನೂ ಬಿಡಬೇಡ. ೧೯೮೨ರ ಜನವರಿ ೧೮ರಂದು ಗಿರಣಿ ಮುಷ್ಕರ ಆರಂಭವಾಗಿ ಎರಡೂವರೆ ಲಕ್ಷ ಮಂದಿ ಹೊರಗೆ ಬಂದೆವು. ನಮ್ಮಲ್ಲಿ ಬಹಳ ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ತಿಂಗಳ ಸಂಬಳ ನಿಂತ ಮನೆ ಹೇಗಿರುತ್ತದೆಂದು ಕಂಡವರು ಹೇಳುತ್ತಿದ್ದೇವೆ.

ಪ್ರಕಾಶಕರು ಸಿಕ್ಕಿದರೆ ಕಾಗದವನ್ನು ಓದಿ ಸಹಿ ಹಾಕು. ನಮ್ಮ ದೇಶದ ೧೯೫೭ರ ಕಾಪಿರೈಟ್ ಕಾನೂನಿನ ಪ್ರಕಾರ ಬರವಣಿಗೆಯಲ್ಲಿ ಸಹಿಯಿಲ್ಲದೆ ಹಕ್ಕು ಕೈ ಬದಲಾಯಿಸದು. ಎಷ್ಟು ವರ್ಷಕ್ಕೆಂದು ಬರೆಯದಿದ್ದರೆ ಐದೇ ವರ್ಷವೆಂದು ಲೆಕ್ಕ. ಬರೆದವನ ಜೀವಮಾನ, ಆ ಮೇಲೆ ಅರುವತ್ತು ವರ್ಷ ಆ ಹಕ್ಕಿಗೆ ಆಯುಷ್ಯ. ನಿನ್ನ ಮಕ್ಕಳು ಮೊಮ್ಮಕ್ಕಳಿಗೂ ಅದು ಆಸ್ತಿ. ಇಪ್ಪತ್ತೈದು ಪೌಂಡಿನ ಕಥೆ ಮರೆಯಬೇಡ. ಬೇಡರ ಕಣ್ಣಪ್ಪನಂತೆ ಕಣ್ಣು ಕಿತ್ತು ಕೊಡುವ ಭಕ್ತಿ ದೇವರ ಮುಂದೆ ಸರಿ, ಪ್ರಕಾಶಕರ ಮುಂದೆ ಸಲ್ಲ.

ಇನ್ನೊಂದು. ಪುಸ್ತಕಗಳನ್ನು ಗ್ರಂಥಾಲಯಗಳಿಗೆ ಒಪ್ಪಿಸುವ ೧೯೫೪ರ ಕಾನೂನೊಂದಿದೆ. ಅಚ್ಚಾದ ಮೂವತ್ತು ದಿನದೊಳಗೆ ಪ್ರಕಾಶಕನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಬೇರೆ ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸತಕ್ಕದ್ದು. ಆ ಮೂರರಲ್ಲಿ ಒಂದು ನಮ್ಮ ಮುಂಬಯಿಯ ಟೌನ್‌ಹಾಲಿನಲ್ಲಿರುವುದು. ಫೋರ್ಟಿನ ಹೋಟೆಲುಗಳಲ್ಲಿ ಕೆಲಸ ಮಾಡಿದವರು ಆ ಬಿಳಿಯ ಕಂಬಗಳನ್ನೂ ಮೆಟ್ಟಿಲುಗಳನ್ನೂ ನೋಡಿದ್ದೀರಿ. ಒಳಗೆ ಹೋದವರು ಕಡಮೆ. ದೋಸೆ ಹೊಯ್ಯುವವನ ಪುಸ್ತಕ ಆ ಮೆಟ್ಟಿಲು ಹತ್ತಿ ಒಳಗೆ ಹೋಗಬೇಕು. ನಾವು ಓದಿದ ಹಳೆಯ ಪತ್ತೇದಾರಿಗಳಂತೆ ಹೊಲಿಗೆ ಬಿಚ್ಚಿ, ಕೊನೆಯ ಫಾರಂ ಕಳೆದು, ರದ್ದಿಗೆ ಹೋಗಬಾರದು.

ಹಾಗಾದರೆ ಅಚ್ಚಿನ ದುಡ್ಡು ಎಲ್ಲಿಂದ? ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹನ್ನೊಂದು ಮಂದಿ ಒಂದು ಪ್ರತಿ ಓದಿದೆವು, ಪಕ್ಕದ ಕೋಣೆಗೆ ಕೊಟ್ಟೆವು, ಅವರು ಮೇಲಿನ ಮಾಳಿಗೆಗೆ ಕೊಟ್ಟರು. ನಲವತ್ತು ಮಂದಿಯ ರಾತ್ರಿ ಬೆಳಗಾಯಿತು. ಮಾರಾಟವಾದದ್ದು ಒಂದು ಪುಸ್ತಕ. ಕೈಯಲ್ಲಿ ಕಾಸಿರಲಿಲ್ಲ, ನಿಜ. ಆದರೆ ಸಿನೆಮಾದ ಟಿಕೀಟಿಗೆ ಇತ್ತಲ್ಲ! ರಹಸ್ಯ ಕಾದಂಬರಿಗಳನ್ನೂ ಬರೆದ ಟಿ. ಕೆ. ರಾಮರಾಯರ ಕಥೆ ೧೯೭೨ರಲ್ಲಿ 'ಬಂಗಾರದ ಮನುಷ್ಯ'ವಾಗಿ ಬಂದಾಗ ಎರಡೆರಡು ಸಲ ನೋಡಿದೆವು. ಅವರ ಪುಸ್ತಕವನ್ನು ಮಾತ್ರ ಕಡ ತಂದು ಓದಿದೆವು.

ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಧಾರವಾಡದ ಮನೋಹರ ಗ್ರಂಥಮಾಲೆ ೧೯೩೩ರಿಂದ ಚಂದಾದಾರರನ್ನು ಕೂಡಿಸಿ ಪುಸ್ತಕ ತಂದಿತು. ನಮ್ಮ ಹುಡುಗನಿಗೆ ಬೆಳಗಿನ ಮೂರೂವರೆಗೆ ಎದ್ದು ಹಿಟ್ಟು ನೋಡಬೇಕು, ಊರೂರು ಅಲೆಯಲು ಹೊತ್ತಿಲ್ಲ. ಆದುದರಿಂದ ಎರಡನೆಯ ದಾರಿಯೇ ನಮಗೆ ಸರಿ. ಮುದ್ರಣಾಲಯದವರು ಇನ್ನೂರು ಪ್ರತಿಯ ಬೆಲೆ ಮೊದಲೇ ಕೈಗೆ ಬಂದರೆ ಕೆಲಸ ಹಿಡಿಯುತ್ತೇವೆಂದಿದ್ದಾರೆ. ಇವತ್ತು ಇಲ್ಲಿ ಅರುವತ್ತಕ್ಕೆ ಕಡಮೆಯಿಲ್ಲದೆ ಸೇರಿದ್ದೇವೆ. ಡೊಂಬಿವಲಿ, ಕಲ್ಯಾಣದ ಬಂಧುಗಳಿಗೂ ಹೇಳಿ ಕಳುಹಿಸಿದ್ದೇವೆ.

ಪುಸ್ತಕ ಬಂದ ದಿನ ಹಾರ ತುರಾಯಿ ಬೇಡವೆಂದು ಅವನೇ ಹೇಳಿದ್ದಾನೆ. ಆ ದಿನವೂ ರಜೆ ಸಿಗದಂತೆ, ಭಾನುವಾರವೇ ಗಿರಾಕಿ ಹೆಚ್ಚು. ಹಾಗಿದ್ದರೆ ನಾವೇ ನಾಲ್ಕು ಮಂದಿ ಥಾಣೆಗೆ ಹೋಗಿ, ಅವನ ಕಾವಲಿಯ ಎದುರಿನ ಮೇಜಿಗೆ ಕುಳಿತು, ದೋಸೆ ತಿಂದು, ಮೊದಲ ಪ್ರತಿಯನ್ನು ಅವನ ಕೈಗೆ ಕೊಟ್ಟು ಬರುತ್ತೇವೆ. ದೋಸೆಯ ಬಿಲ್ಲು ನಾವೇ ಕೊಡುವವರು.

ಕೈಬರಹವನ್ನು ನಾವು ಓದಿದ್ದು ಕೊನೆಯ ಎರಡು ಅಧ್ಯಾಯ ಬಿಟ್ಟು. ಅವನ್ನು ಕೇಳಿದರೆ, "ಅಚ್ಚ್ ಆದ್ ಮೇಲೆ ದುಡ್ಡ್ ಕೊಟ್ಟ್ ಓದಿ, ಅಣ್ಣ" ಎಂದ. ನಮಗೆ ಆ ವಸಯಿ ಟಿಕೀಟಿನವನ ಮೇಲೆ ಸಂಶಯವಿದೆ. ನಮ್ಮ ಮನೆಯವರಿಗೆ ಸ್ಟೇಷನ್ನಿನ ಎದುರು ಹೂ ಮಾರುವವನ ಮೇಲೆ. ಚಂದಾದ ಪಟ್ಟಿ ಬಾಗಿಲ ಬಳಿ ಖಜಾಂಚಿಗಳ ಕೈಯಲ್ಲಿದೆ. ಮೊದಲ ಹೆಸರು ನಮ್ಮದು, ರಶೀದಿ ಪಡೆದಿದ್ದೇವೆ. ಗಾಡಿಗೆ ಹೊತ್ತಾದವರು ಮೊದಲು ಬರೆಸಿ ಹೊರಡಿ.