ಟ್ರ್ಯಾಕ್ಟರಿನಿಂದ ಲಿಥಿಯಂ ಬ್ಯಾಟರಿ ಚಾರ್ಜ್: ತಿಳಿದು ಮಾಡೋಣ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)





ಅಮೇರಿಕ, ಆಸ್ಟ್ರೇಲಿಯಾ ದೇಶಗಳಲ್ಲಿ ಕಾರಿನ ಹಿಂದೆ ಗಾಲಿಮನೆಯನ್ನು ಕಟ್ಟಿಕೊಂಡು ಪ್ರವಾಸ ಹೋಗುವವರು ಬಹಳ. ಅದರೊಳಗಿನ ದೀಪ, ಫ್ಯಾನಿಗಾಗಿ ಲಿಥಿಯಂ ಬ್ಯಾಟರಿ ಇಟ್ಟು, ದಾರಿಯಲ್ಲಿ ಎಳೆಯುವ ಗಾಡಿಯಿಂದಲೇ ಚಾರ್ಜ್ ಮಾಡಿಕೊಳ್ಳುತ್ತಾರೆ. ಇದು ನಮಗೆ ದೂರದ ಮಾತೆಂದು ತಿಳಿಯಬೇಡಿರಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಟ್ರ್ಯಾಕ್ಟರ್ ಟ್ರೇಲರಿಗೆ ತಾಡಪಾಲು ಕಟ್ಟಿಕೊಂಡು ಬರುವ ಕುಟುಂಬಗಳು ನಮ್ಮ ಹೂಲಿಯವರಿಗೆ ಹೊಸತಲ್ಲ. ಕಬ್ಬಿನ ಹಂಗಾಮಿನಲ್ಲಿ ಬರುವ ಗ್ಯಾಂಗಿನವರಿಗಂತೂ ಟ್ರೇಲರಿನ ಬದಿಯೇ ನಾಲ್ಕೈದು ತಿಂಗಳ ಮನೆ. ಅಲ್ಲಿ ರಾತ್ರಿ ಒಂದು ದೀಪ ಉರಿದರೆ ಮಗು ಪುಸ್ತಕ ತೆರೆಯುತ್ತದೆ, ತಾಯಿ ಹಾವು ಚೇಳಿಗೆ ಅಂಜದೆ ಅಡುಗೆ ಮಾಡುತ್ತಾಳೆ.

ಆ ದೀಪಕ್ಕಾಗಿ ಈಗ ಹಗುರವಾದ ಲಿಥಿಯಂ ಬ್ಯಾಟರಿ ಪೇಟೆಗೆ ಬಂದಿದೆ. ತಂದು, ಟ್ರ್ಯಾಕ್ಟರಿನ ಬ್ಯಾಟರಿಗೆ ಎರಡು ವಾಯರ್ ಕಟ್ಟಿದರೆ ಸಾಕೆಂದು ಅನೇಕರ ಭಾವನೆ. ಸಾಲದು. ಏಕೆಂಬುದನ್ನು ಹತ್ತನೆಯ ತರಗತಿಯ ಓಮ್‌ನ ನಿಯಮದಿಂದಲೇ ತಿಳಿಯಬಹುದು.

ಮೊದಲು ಎರಡು ಬ್ಯಾಟರಿಗಳ ಸ್ವಭಾವ ನೋಡೋಣ. ಟ್ರ್ಯಾಕ್ಟರಿನಲ್ಲಿರುವುದು ಸೀಸ ಮತ್ತು ಆಮ್ಲದ ಬ್ಯಾಟರಿ. ಅದರಲ್ಲಿ ಆರು ಕೋಶಗಳು, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ಲಿಥಿಯಂ ಬ್ಯಾಟರಿಗಳಲ್ಲಿ ಈ ಕೆಲಸಕ್ಕೆ ತಕ್ಕದ್ದು ಲಿಥಿಯಂ, ಕಬ್ಬಿಣ, ಫಾಸ್ಫೇಟುಗಳಿಂದಾದದ್ದು. ಅದರಲ್ಲಿ ನಾಲ್ಕು ಕೋಶಗಳು, ಒಂದೊಂದಕ್ಕೆ 3.2 ವೋಲ್ಟ್, ಒಟ್ಟು 12.8 ವೋಲ್ಟ್. ಈ ಫಾಸ್ಫೇಟ್ ವಸ್ತುವನ್ನು 1997ರಲ್ಲಿ ಪ್ರಕಟಪಡಿಸಿದ ಲೇಖನದ ಮೇಲೆ ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್ ಎಂಬ ಮೂರು ಹೆಸರುಗಳಿವೆ. ವಿದ್ಯಾರ್ಥಿಗಳು ಮೊದಲಿನ ಎರಡು ಹೆಸರುಗಳನ್ನು ಗಮನಿಸಬೇಕು. ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಸಂಶೋಧನೆಗಾಗಿ 2019ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಬಂದಿತು. ಆಗ ಅವರ ವಯಸ್ಸು 97!

ಸೀಸದ ಬ್ಯಾಟರಿ ಸಣ್ಣ ಬಾಯಿಯ ಕೊಡವಿದ್ದಂತೆ. ತುಂಬುತ್ತ ಬಂದ ಹಾಗೆ ತಾನೇ ಕರೆಂಟನ್ನು ಕಡಿಮೆ ಎಳೆಯುತ್ತದೆ. ಲಿಥಿಯಂ ಅಗಲ ಬಾಯಿಯ ಹಂಡೆ. ತುಂಬುವ ಕೊನೆಯ ಹೊತ್ತಿನವರೆಗೂ ಕೊಟ್ಟಷ್ಟನ್ನು ನುಂಗುತ್ತಲೇ ಇರುತ್ತದೆ. ಕೊಡುವವನು ಯಾರು? ನಾವು ಡೈನಮೋ ಎಂದು ಕರೆಯುವ ಆಲ್ಟರ್ನೇಟರ್. ನಮ್ಮ ಟ್ರ್ಯಾಕ್ಟರುಗಳಲ್ಲಿ 36 ಆಂಪಿಯರ್‌ನದು ಸಾಮಾನ್ಯ. ಗಾಡಿಯ ಬ್ಯಾಟರಿಯನ್ನು ಮರುಪೂರಣ ಮಾಡಿ, ದೀಪ ಉರಿಸಲೆಂದು ಮಾಡಿದ್ದು ಅದು. ದೊಡ್ಡ ಲಿಥಿಯಂ ಬ್ಯಾಟರಿಯನ್ನು ದಪ್ಪ ವಾಯರಿನಿಂದ ನೇರವಾಗಿ ಕಟ್ಟಿದರೆ ಅದು ತಾಸುಗಟ್ಟಲೆ ತನ್ನ ಪೂರ್ಣ ಶಕ್ತಿ ಹಾಕಿ ದುಡಿಯಬೇಕು. ಎಂಜಿನ್ ನಿಧಾನವಾಗಿದ್ದಾಗ ಅದರ ಪಂಖವೂ ನಿಧಾನ, ಗಾಳಿ ಕಡಿಮೆ. ಕಾದು ಕಾದು ಒಳಗಿನ ಸುರುಳಿ ಸುಡುತ್ತದೆ.

ಹಾಗಾದರೆ ತೆಳುವಾದ ವಾಯರ್ ಹಾಕೋಣ ಎನ್ನುತ್ತೀರಾ? ಲೆಕ್ಕ ಮಾಡಿರಿ. ಟ್ರ್ಯಾಕ್ಟರಿನ ಬ್ಯಾಟರಿಯಿಂದ ಟ್ರೇಲರಿಗೆ 8 ಮೀಟರ್ ಎಂದರೆ ಹೋಗಿ ಬರಲು 16 ಮೀಟರ್. ಮನೆಯಲ್ಲಿ ಪ್ಲಗ್ಗಿಗೆ ಎಳೆಯುವ 2.5 ಚದರ ಮಿಲಿಮೀಟರ್ ತಾಮ್ರದ ವಾಯರಿನಲ್ಲಿ ಅಷ್ಟು ದೂರಕ್ಕೆ ರೋಧ ಸುಮಾರು 0.11 ಓಮ್. 20 ಆಂಪಿಯರ್ ಹರಿದರೆ 2.2 ವೋಲ್ಟ್ ದಾರಿಯಲ್ಲಿಯೇ ನಷ್ಟ. ಡೈನಮೋದ 14 ವೋಲ್ಟ್ ಅಲ್ಲಿ 11.8 ಆಗಬೇಕು. ಬ್ಯಾಟರಿಯೋ 13ರ ಆಸುಪಾಸಿನಲ್ಲಿದೆ. ಹಳ್ಳದ ನೀರು ಏರಿಗೆ ಹರಿದೀತೇ? ಆದ್ದರಿಂದ ಕರೆಂಟು ತಾನೇ ಕುಗ್ಗುತ್ತದೆ. ಬ್ಯಾಟರಿ ಬಹಳ ನಿಧಾನವಾಗಿ ತುಂಬುತ್ತದೆ, ವಾಯರ್ ಬಿಸಿಯಾಗುತ್ತದೆ.

ಇದಕ್ಕೆ ಪರಿಹಾರ ಡಿಸಿ-ಡಿಸಿ ಚಾರ್ಜರ್ ಎಂಬ ಪೆಟ್ಟಿಗೆ. ನವಿಲುತೀರ್ಥದ ಜಲಾಶಯದಲ್ಲಿ ನೀರು ಎಷ್ಟೇ ಇರಲಿ, ಕಾಲುವೆಗೆ ಬೇಕಾದಷ್ಟನ್ನೇ ಬಿಡುವುದು ಗೇಟು. ಈ ಪೆಟ್ಟಿಗೆಯೂ ಹಾಗೆಯೇ. ಬರುವ ವೋಲ್ಟೇಜು 12 ಇರಲಿ 14 ಇರಲಿ, ಲಿಥಿಯಂಗೆ ಬೇಕಾದ 14.4ರ ಮಟ್ಟಕ್ಕೆ ಏರಿಸಿ, ಗೊತ್ತುಪಡಿಸಿದ ಆಂಪಿಯರನ್ನು ಮಾತ್ರ ಬಿಡುತ್ತದೆ. ನಮ್ಮ ಟ್ರ್ಯಾಕ್ಟರಿಗೆ 10 ಆಂಪಿಯರ್‌ನದು ಸಾಕು. ಅದು ಡೈನಮೋದಿಂದ ಸುಮಾರು 12 ಆಂಪಿಯರ್ ಎಳೆಯುತ್ತದೆ. ಮುಂದಿನ ಎರಡು ದೀಪಗಳಿಗೆ 9 ಹೋದರೂ 36ರಲ್ಲಿ ಉಸಿರಾಡಲು ಜಾಗ ಉಳಿಯುತ್ತದೆ. ಜೊತೆಗೆ 10 ಚದರ ಮಿಲಿಮೀಟರ್ ವಾಯರ್ ಹಾಕಿದರೆ ದಾರಿಯ ನಷ್ಟ ಅರ್ಧ ವೋಲ್ಟ್ ಕೂಡ ಆಗದು.

ಇಷ್ಟು ಸಣ್ಣದು ಸಾಲುತ್ತದೆಯೇ? 9 ವ್ಯಾಟಿನ ಎರಡು ಎಲ್‌ಇಡಿ ದೀಪ ಎಂಟು ತಾಸು ಉರಿದರೆ 144 ವ್ಯಾಟ್-ತಾಸು. ಮೂರು ಮೊಬೈಲಿಗೆ 45 ಹಿಡಿಯಿರಿ. ಒಟ್ಟು 190ರ ಒಳಗೆ. 40 ಆಂಪಿಯರ್-ತಾಸಿನ ಬ್ಯಾಟರಿಯಲ್ಲಿ 512 ಇರುತ್ತದೆ. ರಾತ್ರಿ ಖರ್ಚಾದದ್ದು ಮರುದಿನ ಒಂದೂವರೆ ತಾಸಿನ ಓಡಾಟದಲ್ಲಿ ಮರಳಿ ತುಂಬುತ್ತದೆ. ಚಾರ್ಜಿಗಾಗಿಯೇ ನಿಂತಲ್ಲಿ ಎಂಜಿನ್ ಓಡಿಸುವುದು ಡೀಸೆಲ್ಲಿನ ಹಾನಿ. ಒಂದೇ ಕಡೆ ದಿನಗಟ್ಟಲೆ ತಂಗುವವರಿಗೆ ಸೋಲಾರ್ ಫಲಕವೇ ಮೇಲು.

ಇನ್ನು ಕೆಲವು ಎಚ್ಚರಿಕೆಯ ಮಾತುಗಳು.

ಒಂದು, ವಾಯರಿನ ಎರಡೂ ತುದಿಗೆ, ಎರಡೂ ಬ್ಯಾಟರಿಗಳ ಹತ್ತಿರ, ಫ್ಯೂಜ್ ಇರಲೇಬೇಕು. ಕೊಂಡಿಯ ಬಳಿ ವಾಯರ್ ಉಜ್ಜಿ ಉಜ್ಜಿ ಸಿಪ್ಪೆ ಸುಲಿದು ಕಬ್ಬಿಣಕ್ಕೆ ತಾಗಿದರೆ ಬೆಂಕಿ. ಹಿಂದೆ ಇರುವುದು ಒಣ ರವದಿ, ತಾಡಪಾಲು, ಮಲಗಿದ ಮಕ್ಕಳು.

ಎರಡು, ಚಾರ್ಜರ್ ಚಾವಿಯ ಜೊತೆಗೆ ಬಂದ್ ಆಗುವಂತಿರಲಿ. ಇಲ್ಲವಾದರೆ ಕಾರ್ಖಾನೆಯ ಪಾಳಿಯಲ್ಲಿ ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಚಾಲೂ ಆಗುವುದಿಲ್ಲ.

ಮೂರು, ಲಿಥಿಯಂ ಬ್ಯಾಟರಿಯೊಳಗೆ ಬಿಎಂಎಸ್ ಎಂಬ ಕಾವಲುಗಾರನಿದ್ದಾನೆ. ಅಪಾಯ ಕಂಡರೆ ಅವನು ತಟ್ಟನೆ ಸಂಪರ್ಕ ಕಡಿಯುತ್ತಾನೆ. ಆಗ ಡೈನಮೋದಲ್ಲಿ ವೋಲ್ಟೇಜು ಜಿಗಿಯುತ್ತದೆ. ಆ ಏಟನ್ನು ತಾಳಿಕೊಳ್ಳುವುದು ಗಾಡಿಯ ಸೀಸದ ಬ್ಯಾಟರಿ. ಆದಕಾರಣ ಅದನ್ನು ತೆಗೆದು ಲಿಥಿಯಂ ಒಂದರ ಮೇಲೆಯೇ ಗಾಡಿ ಓಡಿಸಬಾರದು.

ನಾಲ್ಕು, ಸಾಮಾನ್ಯವಾಗಿ 45 ಡಿಗ್ರಿಗಿಂತ ಹೆಚ್ಚು ಬಿಸಿಯಿದ್ದಾಗ ಈ ಬ್ಯಾಟರಿಗಳನ್ನು ಚಾರ್ಜ್ ಮಾಡಬಾರದು. ನಮ್ಮ ಬೇಸಿಗೆಯಲ್ಲಿ ಎಂಜಿನ್, ಸೈಲೆನ್ಸರ್ ಬಳಿ ಇಡದೆ ನೆರಳು, ಗಾಳಿ ಇದ್ದಲ್ಲಿ ಇಡಿರಿ.

ಐದು, ಟ್ರೇಲರಿನ ಹಿಂದಿನ ಕೆಂಪು ದೀಪದ ವಾಯರನ್ನು ಕತ್ತರಿಸಿ ಅದರಿಂದ ಚಾರ್ಜ್ ಎಳೆಯುವುದು ಮಹಾ ಅಪರಾಧ. ಕತ್ತಲಲ್ಲಿ ದೀಪವಿಲ್ಲದ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಬಂದು ಬಡಿದ ಬೈಕಿನ ಸುದ್ದಿ ನಮಗೆ ಅಪರೂಪವೇ? ಒಳಗಿನ ಬೆಳಕಿಗಾಗಿ ಹೊರಗಿನವನ ಪ್ರಾಣ ಹೋಗಬಾರದು.

ವಿದ್ಯಾರ್ಥಿಗಳೇ, ಬ್ಯಾಟರಿಯ ಜೊತೆ ಬರುವ ಕೈಪಿಡಿ ಬಹುತೇಕ ಇಂಗ್ಲಿಷಿನಲ್ಲಿರುತ್ತದೆ. ಅಪ್ಪ, ಕಾಕಾ ಅದನ್ನು ಮಡಚಿ ಮಾಡದಲ್ಲಿ ಇಟ್ಟುಬಿಡುತ್ತಾರೆ. ನೀವು ಅದನ್ನು ತೆಗೆದು ಓದಿರಿ. ಚಾರ್ಜಿನ ವೋಲ್ಟೇಜು ಎಷ್ಟು, ಹೆಚ್ಚೆಂದರೆ ಎಷ್ಟು ಆಂಪಿಯರ್, ಎಷ್ಟು ಡಿಗ್ರಿಯ ಒಳಗೆ, ಯಾವ ಫ್ಯೂಜ್ – ಈ ನಾಲ್ಕು ಅಂಕಿಗಳನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ದೊಡ್ಡದಾಗಿ ಬರೆದು ಬ್ಯಾಟರಿಯ ಪೆಟ್ಟಿಗೆಯ ಮೇಲೆ ಅಂಟಿಸಿರಿ. ಜೋಡಿಸುವ ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಗೆ ಬಿಟ್ಟು, ಪಕ್ಕದಲ್ಲಿ ನಿಂತು ಆ ನಾಲ್ಕನ್ನೂ ಕೇಳಿರಿ. ಕಲಿತ ವಿದ್ಯೆ ಮನೆಯವರಿಗೆ ಉಪಯೋಗವಾಗುವುದು ಹೀಗೆಯೇ.